ಹೇಂಟೆ ಭಾವ ಮತ್ತು ಗಿರಿಲಿಂಗ

ನನ್ನ ಅಕ್ಕನ ಗಂಡ ದಿನಕ್ಕೆ ಮೂರು ಹೊತ್ತು ಹೇಂಟೆ ಕೋಳಿಯಾಗುತ್ತಿದ್ದರು. ನಗಬೇಡಿ. ತಾಕತ್ತಿದ್ದರೆ ನಂಬದೆ ಇದ್ದು ನೋಡಿ! ಕುಂದಾಪುರದಿಂದ ಬೈಂದೂರಿನವರೆಗೆ ನನ್ನಷ್ಟು ಸುಳ್ಳು ಹೇಳಿದವರು ಇನ್ನೊಬ್ಬರಿಲ್ಲ, ಒಪ್ಪಿದೆ. ಮದುಮಗನ ಚಪ್ಪಲಿ ಕದ್ದು ಅವನಿಗೇ ಮಾರಿದವನು ನಾನು! ಆದರೆ ಭಾವನ ವಿಷಯದಲ್ಲಿ ಸುಳ್ಳಿನ ಅಗತ್ಯವೇ ಬೀಳುತ್ತಿರಲಿಲ್ಲ. ಸತ್ಯ ಹೇಳಿದರೇ ಜನ ಗಾಬರಿಬೀಳುತ್ತಿದ್ದರು.

ಬಸ್ರೂರಿನಲ್ಲಿ ಮನೆಯ ಹಿಂದೆ ಭಾವ ಫಾರಂ ಕೋಳಿಯ ಶೆಡ್ಡು ಹಾಕಿದ್ದರು. ಮೊಟ್ಟೆಯೊಡೆದು ಒಂದು ದಿನವಾದ ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ತಾಯಿಯನ್ನೇ ಕಾಣದ ಮರಿಗಳು. ತಿನ್ನಲು ಕಲಿಸುವವರು ಯಾರು? ನಮ್ಮ ಭಾವ! ಬಲ್ಬಿನ ಕೆಳಗೆ ಕುಕ್ಕರುಗಾಲಲ್ಲಿ ಕುಳಿತು, ತೋರುಬೆರಳನ್ನೇ ಕೊಕ್ಕು ಮಾಡಿಕೊಂಡು, ಕಾಗದದ ಮೇಲೆ ಹರಡಿದ ಫೀಡನ್ನು ಟುಕ್ ಟುಕ್ ಎಂದು ಕುಟ್ಟುತ್ತ, ಗಂಟಲಲ್ಲಿ 'ಕೊಕ್ ಕೊಕ್' ಅನ್ನುವರು. ಬೆರಳು ಕುಟ್ಟಿದಲ್ಲೆಲ್ಲ ಮರಿಗಳೂ ಕುಟ್ಟುವವು. ಒಮ್ಮೆ ಮದುವೆಯ ಕಾಗದ ಕೊಡಲು ಬಂದವರು ಈ ದೃಶ್ಯ ಕಂಡು, ಕಾಗದವನ್ನು ಅಂಗಳದಲ್ಲೇ ಇಟ್ಟು ಓಡಿದರು!

"ಭಾವ, ಮೊಟ್ಟೆ ಇಟ್ರ್ಯಾ?" ಎಂದು ನಾನು ಕೆಣಕಿದೆ.

"ಇಟ್ರೆ ಮೊದ್ಲ್ ನಿನ್ ತಲೆ ಒಳ್ಗೆ ಇಡ್ತೆ. ಅಲ್ಲ್ ಜಾಗ ಖಾಲಿ ಇತ್ತ್."

ಒಂದು ಸಲ ಕೆಲವು ಮರಿಗಳು ಫೀಡು ಮುಟ್ಟದೆ ಮೂಲೆಯಲ್ಲಿ ನಿಂತುಬಿಟ್ಟವು. ಭಾವ ಪಶುವೈದ್ಯರನ್ನು ಕರೆತಂದರು. ಡಾಕ್ಟರು ಶಾಖ ಸಾಲದು, ಬಲ್ಬು ಇನ್ನಷ್ಟು ಕೆಳಗಿಳಿಸಿ ಅಂದರು. ಆಮೇಲೆ ಚಾ ಕುಡಿಯುತ್ತ ಒಂದು ಬಾಂಬು ಹಾಕಿದರು. ಹೊಟ್ಟೆಯಲ್ಲಿ ಗ್ರೆಲಿನ್ ಅಂತ ಒಂದು ಹಾರ್ಮೋನು ಹುಟ್ಟುತ್ತದಂತೆ. ಮನುಷ್ಯನಲ್ಲಿ ಅದು ಏರಿದರೆ ಹಸಿವು ಕೆರಳುತ್ತದಂತೆ. ಕೋಳಿಮರಿಯಲ್ಲಿ ಅದೇ ಏರಿದರೆ ಹಸಿವು ಮುಚ್ಚಿಹೋಗುತ್ತದಂತೆ. ಎದುರಿಗೆ ರಾಶಿ ಫೀಡಿದ್ದರೂ ಮರಿಗೆ ಬೇಡವಂತೆ!

ನಾನು ಬೆಚ್ಚಿಬಿದ್ದೆ. ಆಯುಷ್ಯವಿಡೀ ಸುಳ್ಳು ಕಟ್ಟಿದ ನನಗೆ ಇಂಥದ್ದೊಂದು ಹೊಳೆದಿರಲಿಲ್ಲವಲ್ಲ! ಭಾವ ನನಗಿಂತ ಹೆಚ್ಚು ಬೆಚ್ಚಿದರು. ಗ್ರೆಲಿನ್ ಅವರ ಬಾಯಲ್ಲಿ ಗಿರಿಲಿಂಗನಾಯಿತು. ಪಕ್ಕದ ಗುಲ್ವಾಡಿಯಲ್ಲಿರುವ ಯಾರೋ ತಂಟೆಕೋರನೇನೋ ಎನ್ನುವಂತೆ ಅವನನ್ನು ಬೈಯತೊಡಗಿದರು. ನಾನು ಮೂರನೆಯ ಸಲ ಮೀನುಸಾರು ಹಾಕಿಸಿಕೊಂಡರೆ, ನಿನ್ನ ಗಿರಿಲಿಂಗನಿಗೂ ದೇವರು ಕೋಳಿಮರಿಯ ಬುದ್ಧಿ ಕೊಡಲಿ ಅನ್ನುವರು. ಉಣ್ಣದ ಮರಿಯನ್ನು ಮಾತ್ರ ಯಾರೂ ಗದರುವಂತಿರಲಿಲ್ಲ.

"ಮರಿಯದ್ದ್ ಎಂತ ತಪ್ಪ್? ಒಳ್ಗಿಪ್ಪು ಗಿರಿಲಿಂಗ ಬ್ಯಾಡ ಅಂತ."

ಅದೇ ವರ್ಷ ಅಕ್ಕನಿಗೆ ಟೈಫಾಯಿಡ್ ಆಯಿತು. ಜ್ವರ ಬಿಟ್ಟಿತು, ಹಸಿವು ಮರಳಲಿಲ್ಲ. ಗಂಜಿ ಕಂಡರೆ ಮುಖ ಗೋಡೆಯ ಕಡೆಗೆ. ಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದಳು. ನಾಳೆಯೊಳಗೆ ಹೊಟ್ಟೆಗೇನೂ ಹೋಗದಿದ್ದರೆ ಮೂಗಿಗೆ ನಳಿಗೆ ಹಾಕಬೇಕಾದೀತು ಎಂದರು ಕುಂದಾಪುರದ ಡಾಕ್ಟರು. ನಾವೆಲ್ಲ ಗದರಿದೆವು, ಗೋಗರೆದೆವು. ನಾನು ನನ್ನ ಅತ್ಯುತ್ತಮ ಸುಳ್ಳುಗಳನ್ನೆಲ್ಲ ಖರ್ಚು ಮಾಡಿದೆ. ಅವಳು ನಗಲೂ ಇಲ್ಲ. ಭಾವ ಒಬ್ಬರೇ ಗದರಲಿಲ್ಲ.

ಮಧ್ಯಾಹ್ನ ಅವರು ಎರಡು ಬಟ್ಟಲು ಗಂಜಿ ತಂದು ಅವಳ ಚಾಪೆಯ ಬದಿಗೆ ಕುಕ್ಕರುಗಾಲಲ್ಲಿ ಕುಳಿತರು. ಒಂದನ್ನು ಅವಳೆದುರಿಟ್ಟು, ಅದರ ಅಂಚನ್ನು ತೋರುಬೆರಳಲ್ಲಿ ಟುಕ್ ಟುಕ್ ಎಂದು ಕುಟ್ಟಿ, ತಮ್ಮ ಗಂಜಿ ಸೊರ್ರೆಂದು ಹೀರತೊಡಗಿದರು. ನಡುವೆ 'ಕೊಕ್ ಕೊಕ್' ಬೇರೆ! ಹೆಂಡತಿ ಹಾಸಿಗೆ ಹಿಡಿದಿರುವಾಗ ಗಂಡನಿಗೆ ತಲೆ ಕೆಟ್ಟಿತೇ?

"ನಾ ಎಂತ ಕೋಳಿಮರಿಯಾ?" ಅಂದಳು ಅಕ್ಕ. ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಇಡೀ ಮಾತು ಅದು.

"ಮರಿ ಆಯಿದ್ರೆ ಉಂತಿತ್ತ್. ಅದ್ಕೆ ಬಗ್ಲಲ್ಲ್ ಒಬ್ರ್ ಉಂಬುದ್ ಕಂಡ್ರೆ ಸಾಕ್."

ಮತ್ತೆ ಟುಕ್ ಟುಕ್. ಭಾವ ಉಪ್ಪಿನಕಾಯಿ ನೆಕ್ಕಿ ಬಾಯಿ ಚಪ್ಪರಿಸಿದರು. ಅಕ್ಕ ನೋಡಿಯೇ ನೋಡಿದಳು.

"ಹ್ವಾಯ್, ಉಪ್ಪಿನ್ಕಾಯ್ ಒಬ್ರಿಗೇಯಾ?"

ಬಟ್ಟಲನ್ನು ಎಳೆದುಕೊಂಡಳು. ತಳ ಕಾಣುವವರೆಗೆ ಉಂಡಳು.

ಭಾವ ಎಂಜಲು ಕೈಯಲ್ಲೇ ರಸ್ತೆಗೆ ಓಡಿ, ಕುಂದಾಪುರಕ್ಕೆ ಹೊರಟ ಬಸ್ಸಿಗೆ ಅಡ್ಡ ನಿಂತುಬಿಟ್ಟರು! ಬ್ರೇಕು ಕಿರುಚಿತು. ಡ್ರೈವರ್ ತಲೆ ಹೊರಗೆ ಹಾಕಿದ.

"ಉಂಡ್ಳ್ ಮಾರಾಯ್ರೆ," ಅಂದರು ಭಾವ. "ಉಂಡ್ಳ್."

ಯಾರು, ಎಂತ, ಪಾಪ ಅವನಿಗೇನು ಗೊತ್ತು? ಹತ್ತುವುದಾದರೆ ಹತ್ತಿ ಅಂದ ಕಂಡಕ್ಟರ್. ಭಾವ ಹತ್ತಲಿಲ್ಲ. ದನದ ಮೈ ಸವರುವ ಹಾಗೆ ಬಸ್ಸಿನ ಮೂತಿಯನ್ನು ಒಮ್ಮೆ ಸವರಿ ದಾರಿ ಬಿಟ್ಟರು.

ಈಗ ಕೇಳಿ. ಭಾವ ಹೇಂಟೆಯಾದದ್ದು ಸತ್ಯ, ಗಿರಿಲಿಂಗ ಸತ್ಯ, ಬಸ್ಸೂ ಸತ್ಯ. ಬಟ್ಟಲಿನ ತಳ ಕಂಡಿತು ಎಂದೆನಲ್ಲ, ಅದೊಂದು ಮಾತ್ರ ನಾನು ಹುಟ್ಟಿಸಿದ್ದು. ಮರುದಿನದಿಂದ ಅಕ್ಕ ಸರಿಯಾಗಿಯೇ ಉಂಡಳು, ನಳಿಗೆ ಬೇಕಾಗಲಿಲ್ಲ. ಆದರೆ ಆ ಮಧ್ಯಾಹ್ನ ಅವಳ ಹೊಟ್ಟೆಗೆ ಹೋದದ್ದು ಎರಡೇ ತುತ್ತು.

ಎರಡು ತುತ್ತಿಗೆ ಒಬ್ಬ ಗಂಡ ಬಸ್ಸು ನಿಲ್ಲಿಸಿದ ಎಂದಿದ್ದರೆ, ನೀವು ನಂಬುತ್ತಿದ್ದಿರಾ?