ಕಟ್ಟೆ ಕೆಳಗಿನ ಬಾಸ್ ಮೀನಿನ ಮೇಲೆ ಒಬ್ಬ ಟೈಲರ್‌ನ ದೂರು

ಊರಾಚೆಯ ತಿಳಿನೀರಿನ ಕೆರೆಯಲ್ಲಿ, ಮರದ ದೋಣಿಕಟ್ಟೆಯ ಕೊನೆಯ ಕಂಬದ ನೆರಳಿನಲ್ಲಿ ಖಾಯಂ ವಾಸವಾಗಿರುವ ಬಾಸ್ ಮೀನು ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕಿವಿರು, ರೆಕ್ಕೆ, ಬಾಲ ಮೊದಲಾದ ಸಕಲ ಅಂಗಗಳೂ ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಾಗಿಯೇ ಹೊರಟು ಹೋದದ್ದನ್ನು ಕಳೆದ ಭಾನುವಾರ ಕಣ್ಣಾರೆ ಕಂಡಿರುವುದರಿಂದ ಇದನ್ನು ಬರಿಯ ಬಾಯುಪಚಾರವೆಂದು ತಿಳಿಯಬಾರದು. ಇತ್ತ ನಾನು, ಮಾರುಕಟ್ಟೆ ಬೀದಿಯ ತಿರುವಿನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಮಾಡಿಕೊಂಡಿರುವ ಟೈಲರ್, ಹೆಬ್ಬೆರಳಿಗೆ ಸುತ್ತಿದ ಬಟ್ಟೆಯೊಂದನ್ನು ಬಿಟ್ಟರೆ ಕ್ಷೇಮ. ಆ ಬಟ್ಟೆ ಯಾಕೆಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊಟ್ಟೆಪಾಡಿಗೆ ಬಟ್ಟೆ ಹೊಲಿಯುವವನಿಗೆ ನಮ್ಮ ಬೆನ್ನು ಹತ್ತುವ ದರ್ದು ಏನಿತ್ತು ಎಂದು ತಾವು ಕೇಳಬಹುದು, ಕೇಳುವುದು ನ್ಯಾಯವೇ. ನನಗೊಬ್ಬರು ಮಾವ ಇದ್ದಾರೆ, ಹೆಣ್ಣು ಕೊಟ್ಟ ಮಾವ. ಜೀವಮಾನವೆಲ್ಲ ರೈಲು ಓಡಿಸಿ ನಿವೃತ್ತರಾದವರು. ಅವರ ಗಡಿಯಾರಕ್ಕೂ ನನ್ನ ಕಸುಬಿಗೂ ಎಣ್ಣೆ ಸೀಗೇಕಾಯಿ ಸಂಬಂಧ, ಯಾಕೆಂದರೆ ಟೈಲರ್ ಆದವನು ಗಿರಾಕಿಗೆ "ನಾಳೆ ಬನ್ನಿ" ಎನ್ನದಿದ್ದರೆ ಇವನ ಕೈಯಲ್ಲಿ ಕೆಲಸವೇ ಇಲ್ಲವೆಂದು ಊರು ಮಾತಾಡಿಕೊಳ್ಳುತ್ತದೆ. ನನ್ನ ಮದುವೆಗೆ ಮಾವನ ಕೋಟನ್ನು ನಾನೇ ಹೊಲಿದೆ; ನಾಳೆ ನಾಳೆ ಎನ್ನುತ್ತಾ ಮದುವೆಯ ಬೆಳಗೇ ಆಗಿಬಿಟ್ಟದ್ದರಿಂದ ಬಲತೋಳನ್ನು ಕಚ್ಚಾ ಹೊಲಿಗೆಯಲ್ಲಿ ನಿಲ್ಲಿಸಿ ಕೊಟ್ಟೆ. ಅವರು ಸುಮ್ಮನೆ ಕೈಕಟ್ಟಿ ನಿಂತಿದ್ದರೆ ಆ ತೋಳು ಇವತ್ತಿಗೂ ಇರುತ್ತಿತ್ತು. ಆದರೆ ನೆಂಟರಿಷ್ಟರೆಲ್ಲರ ಮುಂದೆ ನಮ್ಮಿಬ್ಬರನ್ನು ಹರಸಲೆಂದು ಕೈ ಎತ್ತಿದರು, ತೋಳು ಭುಜದಿಂದ ಕಳಚಿ ಮಣಿಕಟ್ಟಿಗೆ ಬಂತು. ಅಷ್ಟು ಎತ್ತರಕ್ಕೆ ಕೈ ಎತ್ತಿಯೇ ಹರಸಬೇಕೆಂದು ಎಲ್ಲಿ ಬರೆದಿದೆ ಸ್ವಾಮಿ? ಆವತ್ತಿನಿಂದ ಅವರು ನನ್ನನ್ನು ಅಳಿಯ ಎಂದು ಕರೆದವರಲ್ಲ.

"ಏನಯ್ಯಾ ಟೈಲರ್" ಎನ್ನುತ್ತಾರೆ. ಊರೆಲ್ಲ ಹಾಗೆಯೇ ಕರೆಯುತ್ತದೆ, ಅದಕ್ಕೆ ಬೇಸರವಿಲ್ಲ. ಆದರೆ ಊಟಕ್ಕೆ ಕೂತಾಗ "ಟೈಲರ್‌ಗೆ ಇನ್ನೊಂದು ಸೌಟು ಹಾಕಮ್ಮ" ಎಂದು ಹೆಂಡತಿಯನ್ನು ಹೆತ್ತವರೇ ಹೇಳಿದರೆ ತುತ್ತು ಗಂಟಲಲ್ಲಿ ನಿಲ್ಲುತ್ತದೆ. ಒಮ್ಮೆ ನನ್ನವಳು ತಡೆಯಲಾರದೆ "ಅಪ್ಪಾ, ಒಂದ್ಸಲ ಬಾಯ್ತುಂಬ ಅಳಿಯ ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಕೇಳಿಯೇ ಬಿಟ್ಟಳು. ತಮ್ಮ ಹಿಂದೆ ಬಿದ್ದು ವರ್ಷಗಟ್ಟಲೆ ಬರಿಗೈಯಲ್ಲಿ ಮನೆಗೆ ಬಂದಿರುವ ಮಾವ ಆಗ ಎತ್ತಿದ್ದು ತಮ್ಮ ಹೆಸರನ್ನೇ: "ಆ ಕಟ್ಟೆ ಕೆಳಗಿರೋ ಮೀನನ್ನ ಹಿಡಿದು ನನ್ನ ಬಲೆಗೆ ಹಾಕ್ಲಿ, ಆವತ್ತು ಅಂತೀನಿ." ಅಲ್ಲಿಂದ ನಮ್ಮ ನಿಮ್ಮ ವ್ಯವಹಾರ ಶುರುವಾಯಿತು.

ಬೇರೆ ಕೆರೆಗಳ ಮೀನುಗಳು ಕೆಸರು ನೀರಿನಲ್ಲಿ ಕಣ್ಣು ಕಾಣದೆ, ಸಿಕ್ಕಿದ್ದನ್ನು ನುಂಗಿ, ನನ್ನಂಥ ಸಂಸಾರಸ್ಥರಿಗೆ ಉಪಕಾರ ಮಾಡುತ್ತವೆ. ತಾವಾದರೋ, ನನ್ನ ಅಂಗಿಯಿಂದ ಕಿತ್ತು ತಳಕ್ಕೆ ಬಿದ್ದ ಗುಂಡಿಯ ತೂತುಗಳನ್ನು ಮೇಲಿನಿಂದಲೇ ಎಣಿಸಬಹುದಾದಷ್ಟು ತಿಳಿಯಾದ ನೀರನ್ನು ಹುಡುಕಿ ಮನೆ ಮಾಡಿದ್ದೀರಿ. ಮಾವನ ಹಳೆಯ ಗಿಡ್ಡ ಕೋಲು, ದಪ್ಪ ದಾರ ಹಿಡಿದು ನಾನು ಕಟ್ಟೆಯ ಅಂಚಿನಲ್ಲಿ ನಿಂತಾಗ ತಾವು ಓಡುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಮೊದಲು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳತೆ ತೆಗೆದಿರಿ, ಆಮೇಲೆ ಗಾಳಕ್ಕೆ ಸಿಕ್ಕಿಸಿದ್ದ ರಬ್ಬರಿನ ಹುಳವನ್ನು, ಆಮೇಲೆ ಅದಕ್ಕೆ ಕಟ್ಟಿದ ದಾರವನ್ನು ಕೆಳಗಿನಿಂದ ಮೇಲಿನವರೆಗೂ ನೋಡಿ, ಬೆನ್ನು ತಿರುಗಿಸಿದಿರಿ. ಎಲ್ಲ ಥಾನು ಬಿಚ್ಚಿಸಿ, ಏನೂ ಕೊಳ್ಳದೆ ಎದ್ದು ಹೋಗುವ ಗಿರಾಕಿಗಳನ್ನು ಬೇಕಾದಷ್ಟು ನೋಡಿದ್ದೇನೆ, ತಮ್ಮಷ್ಟು ಠೀವಿ ಅವರಲ್ಲಿ ಯಾರಿಗೂ ಇರಲಿಲ್ಲ.

ಹೀಗಾಗಿ ಗಾಳದ ಅಂಗಡಿಗೆ ಹೋದೆ. ಅಂಗಡಿಯಾಕೆ ನನ್ನ ಗೋಳು ಕೇಳಿ, "ತಿಳಿನೀರಾ? ಹಾಗಾದ್ರೆ ನೀವು ದೂರ ನಿಲ್ಬೇಕು, ದಾರ ಸಣ್ಣದಾಗ್ಬೇಕು, ಕೋಲು ಉದ್ದ ಆಗ್ಬೇಕು" ಎಂದು ಒಂದೇ ಉಸಿರಿಗೆ ಹೇಳಿದರು. ಸಣ್ಣ ದಾರದ ತುದಿಯ ಹಗುರ ಹುಳವನ್ನು ಅಷ್ಟು ದೂರ ಎಸೆಯಲು ಕೋಲಿಗೆ ಕಟ್ಟಿ ದಾರ ಸುತ್ತುವ ಸ್ಪಿನ್ನಿಂಗ್ ರೀಲೇ ಆಗಬೇಕಂತೆ, ಅದರ ಉರುಳೆ ತಾನು ಸುತ್ತದೆ, ನಿಂತಲ್ಲೇ ನಿಂತು ಅಂಚಿನಿಂದ ದಾರವನ್ನು ಸುರುಳಿ ಸುರುಳಿಯಾಗಿ ಬಿಟ್ಟುಕೊಡುತ್ತದಂತೆ. ಉದ್ದ ಕೋಲು ಬಾಗಿ ಬಾಗಿ ಮೀನಿನ ಜಗ್ಗಾಟವನ್ನೆಲ್ಲ ತಾನೇ ನುಂಗಿಕೊಂಡು ಸಣ್ಣ ದಾರವನ್ನು ಕಾಪಾಡುತ್ತದಂತೆ. ದಾರದ ವಿಷಯ ನನಗೇ ಹೇಳುತ್ತಾರಲ್ಲ, ಇದು ತಮಗೆ ಈಜು ಕಲಿಸಿದ ಹಾಗಾಯಿತು ಎಂದು ಒಳಗೊಳಗೇ ನಕ್ಕೆ. ಎಲ್ಲವನ್ನೂ ಕೊಂಡು ಮನೆಗೆ ಬಂದವನೇ ಬಾಬಿನ್ ತುಂಬುವ ಧಾರಾಳದಲ್ಲಿ ಉರುಳೆಯ ಅಂಚು ಮೀರಿ ದಾರ ತುಂಬಿದೆ. ಕೆರೆಯಲ್ಲಿ ಮೊದಲ ಎಸೆತಕ್ಕೇ ಅದಷ್ಟೂ ಒಟ್ಟಿಗೆ ಹೊರಬಿದ್ದು ಹಕ್ಕಿಗೂಡಾಯಿತು. ಅದು ಸಾಲದೆಂದು, ಕೋಲಿನ ಕೆಳಗೆ ನೇತಾಡಬೇಕಾದ ರೀಲನ್ನು ಮೇಲೆ ಬರುವಂತೆ ಹಿಡಿದು ಹಿಂದುಮುಂದಾಗಿ ತಿರುಗಿಸುತ್ತಿದ್ದೆ. ಹಿಂದೆ ಕೂತಿದ್ದ ಮಾವ "ಟೈಲರ್, ಅದು ಮೆಷಿನ್ನಲ್ಲ ಕಣಯ್ಯಾ" ಎಂದಾಗ ತಾವು ಕಂಬದ ಬಳಿ ಒಂದು ಗುಳ್ಳೆ ಬಿಟ್ಟಿರಿ. ಅದು ನಗುವೇ ಎಂದು ನಾನು ಯಾವ ಕಟಕಟೆಯಲ್ಲಿ ಬೇಕಾದರೂ ನಿಂತು ಹೇಳಬಲ್ಲೆ.

ಇನ್ನು ಕೋಲಿನ ಕಥೆ. ನನ್ನ ತಲೆಯ ಮೇಲೂ ಒಂದು ಮೊಳ ಹೋಗುವ, ನಡುವೆ ಎಲ್ಲೂ ಕೀಲಿಲ್ಲದ ಒಂದೇ ತುಂಡು. ನಮ್ಮ ಮೆಟ್ಟಿಲಿನ ತಿರುವಿನಲ್ಲಿ ಅದು ತಿರುಗಲಿಲ್ಲ. ದೀಪದ ಗಾಜು ಹೋಯಿತು, ಪಕ್ಕದ ಮನೆಯವರು ಒಣಹಾಕಿದ್ದ ಟವೆಲು ಬಂತು. ಉದ್ದವಾದದ್ದು ಕಣ್ಣೆದುರು ಇದ್ದರೆ ಟೈಲರ್‌ನ ಕೈ ಸುಮ್ಮನಿರುವುದಿಲ್ಲ, ಮಾನ್ಯರೇ. ಪ್ಯಾಂಟು ಉದ್ದವಾದರೆ ಸೊಂಟದ ಕಡೆ ಯಾರೂ ಕತ್ತರಿಸುವುದಿಲ್ಲ, ಕೆಳಗೆ ಸಣ್ಣಗಿರುವ ಕಡೆ ಕತ್ತರಿಸುತ್ತಾರೆ. ಅದೇ ನ್ಯಾಯದಿಂದ ಕೋಲಿನ ಸಣ್ಣ ತುದಿಯಲ್ಲಿ ಒಂದು ಮೊಳ ತೆಗೆದು, ದಾರ ಹಾಯುವ ಬಳೆಯನ್ನು ಮತ್ತೆ ಅಂಟಿಸಿ, ಎಲ್ಲಿ ಕತ್ತರಿಸಿದ್ದೆಂದು ಹೆತ್ತವರಿಗೂ ಗೊತ್ತಾಗದ ಹಾಗೆ ಮುಗಿಸಿದೆ. ಬಾಗುವ ಗುಣವೆಲ್ಲ ಆ ಒಂದು ಮೊಳದಲ್ಲೇ ಇತ್ತಂತೆ, ನನ್ನ ಕೈಯಲ್ಲಿ ಉಳಿದದ್ದು ದೊಣ್ಣೆ. ತಾವು ದಯವಿಟ್ಟು ಕಚ್ಚಿದಿರಿ, ಒಮ್ಮೆ ತಲೆ ಕೊಡವಿದಿರಿ, ದಾರ ಪಟ್ಟೆಂದಿತು. ಕೋಲನ್ನು ನೋಡಿದ ಅಂಗಡಿಯಾಕೆ ಅದರ ತುದಿಯನ್ನು ಬೆರಳಿನಿಂದ ಸವರಿ, "ಇದನ್ನ ನೀವು... ಆಲ್ಟರ್ ಮಾಡಿದ್ರಾ?" ಎಂದರು. ಈಗ ಅದು ನನ್ನ ಅಂಗಡಿಯ ಟ್ರಯಲ್ ರೂಮಿನ ಪರದೆಯನ್ನು ಹೊತ್ತು ನಿಂತಿದೆ, ಆಮೇಲೆ ಕೊಂಡ ಎರಡನೆಯ ಕೋಲಿಗೆ ನಾನು ಕತ್ತರಿ ತಾಗಿಸಲಿಲ್ಲ. ಅದನ್ನು ಕಿಟಕಿಯಿಂದ ಹಗ್ಗ ಕಟ್ಟಿ ಇಳಿಸುತ್ತೇವೆ, ನನ್ನವಳು ಮೇಲೆ, ಮಗಳು ಕೆಳಗೆ, "ಹುಷಾರೂ" ಎಂದು ಕೂಗುತ್ತಾ ಬೀದಿಯ ಮಧ್ಯೆ ನಾನು.

ಕಳೆದ ಭಾನುವಾರಕ್ಕೆ ಬರುವ ಮೊದಲು ಬಲೆಯ ವಿಷಯ ಹೇಳಿಬಿಡುತ್ತೇನೆ. ಗಾಳಕ್ಕೆ ಸಿಕ್ಕ ಮೀನನ್ನು ನೀರಿನಿಂದ ಎತ್ತುವ, ಉದ್ದ ಹಿಡಿಯ ಆ ಕೈಬಲೆ ಮಾವನದು. ತಳದಲ್ಲಿ ಹರಿದಿದೆ, ಹೊಲಿದುಕೊಡು ಎಂದು ಅದನ್ನು ಅವರು ನನ್ನ ಅಂಗಡಿಗೆ ತಂದುಕೊಟ್ಟು ಬಹಳ ಕಾಲವಾಯಿತು. ಕಾಜ ಬಾಕಿಯಿದ್ದ ಅಂಗಿಗಳ ಪಕ್ಕದಲ್ಲಿ ಮೊಳೆಗೆ ನೇತುಹಾಕಿ, ನಾನು ಹೇಳಬೇಕಾದ್ದನ್ನು ಹೇಳಿದ್ದೆ. ಪ್ರತಿ ವಾರ ಕೇಳುತ್ತಿದ್ದರು, ಪ್ರತಿ ವಾರವೂ ಅದನ್ನೇ ಹೇಳುತ್ತಿದ್ದೆ. ಭಾನುವಾರ ಬೆಳಿಗ್ಗೆ ಕಾದು ಕಾದು ಬೇಸತ್ತು, ಮಾವನೇ ಅದನ್ನು ಮೊಳೆಯಿಂದ ತೆಗೆದುಕೊಂಡು ಬಂದರು.

ಅವರು ಕಟ್ಟೆಯ ಮೇಲೆ ಬೋರಲು ಮಲಗಿದರು, ನಾನು ದೂರದ ದಡದಲ್ಲಿ ಪೊದೆಯ ಹಿಂದೆ ಮೊಣಕಾಲೂರಿದೆ. ರೀಲು ಕೆಳಗೆ, ದಾರ ಅಂಚಿಗಿಂತ ಒಂದಿಷ್ಟು ಕಡಿಮೆ, ಕೋಲು ಇದ್ದಷ್ಟೂ ಉದ್ದ. ಎಸೆದೆ. ಹುಳ ಬೆಣ್ಣೆಯ ಮೇಲೆ ಕೂದಲು ಬಿದ್ದಂತೆ ಸದ್ದಿಲ್ಲದೆ ಇಳಿಯಿತು, ತಾವು ಕಚ್ಚಿದಿರಿ, ಓಡಿದಿರಿ, ದಾರ ನನ್ನ ಹೆಬ್ಬೆರಳನ್ನು ಸೀಳಿಕೊಂಡು ಹೋಯಿತು. "ಬಿಡು ಬಿಡು, ಓಡ್ಲಿ! ಹಾಂ, ಈಗ ಸುತ್ತು! ನಿಧಾನ, ಸ್ಟೇಷನ್ ಬಂತು!" ಎಂದು ಮಾವ ಅಲ್ಲಿಂದಲೇ ರೈಲು ನಿಲ್ಲಿಸುತ್ತಿದ್ದರು. ಕೋಲು ಬಾಗಿತು, ಬಾಗಿತು, ಮುರಿಯಲಿಲ್ಲ. ಕಟ್ಟೆಯ ಪಕ್ಕಕ್ಕೆ ಬಂದ ತಮ್ಮನ್ನು ಮಾವ ಬಲೆಗೆ ಹಾಕಿಕೊಂಡು ಎತ್ತಿದ ರಭಸಕ್ಕೆ ಕೊಕ್ಕೆ ಕಳಚಿತು. ಹೋಗಲಿ, ಬಲೆಯೊಳಗಿದ್ದೀರಲ್ಲ ಎಂದುಕೊಳ್ಳುವಷ್ಟರಲ್ಲಿ ತಾವು ತಳದ ತೂತಿನಿಂದ, ಪ್ಯಾಂಟಿನ ಹರಿದ ಜೇಬಿನಿಂದ ಚಿಲ್ಲರೆ ಬಿದ್ದ ಹಾಗೆ, ಗುಳುಂ ಎಂದು ನೀರಿಗೆ ಬಿದ್ದಿರಿ. ಹೊರಡುವ ಮುನ್ನ ಒಮ್ಮೆ ತಿರುಗಿ ನೋಡಿದಿರಿ ಕೂಡ.

"ಅಯ್ಯೋ ಅಳಿಯಾ!" ಎಂದು ಮಾವ ಕೆರೆಯೆಲ್ಲ ಕೇಳುವಂತೆ ಕೂಗಿದರು. "ಈ ತೂತು ಹೊಲಿ, ಹೊಲಿ ಅಂತ ಎಷ್ಟು ಸಲ ಬಡ್ಕೊಂಡೆ ನಿಂಗೆ! ಕೈಗೆ ಬಂದಿದ್ದು ಹೋಯ್ತಲ್ಲೋ ಅಳಿಯಾ!"

ಬೈದರೋ, ಹರಸಿದರೋ, ನನಗಂತೂ ಎರಡು ಸಲ ಕೇಳಿಸಿತು. ಬಾಯಿತಪ್ಪಿ ಏನು ಬಂತೆಂದು ಮಾವನಿಗೂ ಆಮೇಲೆ ಹೊಳೆಯಿತು. ಬಲೆಯ ತೂತಿನೊಳಗಿಂದ ನನ್ನನ್ನೇ ನೋಡಿದರು. ಬರಿಗೈಯಲ್ಲಿ ಮನೆಗೆ ಬಂದೆವು. ಆ ಸಂಜೆ ಊಟಕ್ಕೆ ಕೂತಾಗ ಅವರು "ಟೈ" ಎಂದು ಶುರುಮಾಡಿ, ಅಲ್ಲೇ ನಿಲ್ಲಿಸಿ, ನೀರು ಕುಡಿದು, "ಅಳಿಯನಿಗೆ ಇನ್ನೊಂದು ಸೌಟು ಹಾಕಮ್ಮ" ಎಂದರು. ನನ್ನವಳು ಸೌಟು ಹಿಡಿದು ನಿಂತೇ ಇದ್ದಳು. ಈ ಸಲ ತುತ್ತು ಸಲೀಸಾಗಿ ಇಳಿಯಿತು. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಆವತ್ತು ನನ್ನ ಕಣ್ಣೆಲ್ಲ ಆ ತೋಳಿನ ಮೇಲೆಯೇ ಇತ್ತು.

ಹಾಗೆಂದು ದೂರನ್ನು ವಾಪಸು ತೆಗೆದುಕೊಂಡೆನೆಂದು ತಿಳಿಯಬೇಡಿ. ಇನ್ನು ಮುಂದೆ ಭಾನುವಾರಗಳಂದು ತಾವೇ ಬಾಲ ಬಡಿದು ನೀರನ್ನು ಒಂದಿಷ್ಟು ಕದಡಿಟ್ಟುಕೊಳ್ಳಬೇಕೆಂದೂ, ನಾನು ಎಸೆಯುವಾಗ ಆ ಕಡೆ ಮುಖ ಮಾಡಿಕೊಂಡಿರಬೇಕೆಂದೂ ಕೋರುತ್ತೇನೆ. ಬಿಡುವು ಮಾಡಿಕೊಂಡು ನನ್ನ ಅಂಗಡಿಗೆ ಬಂದು ಅಳತೆ ಕೊಟ್ಟು ಹೋದರಂತೂ ದೊಡ್ಡ ಉಪಕಾರ, ಏಕೆಂದರೆ ತಮ್ಮ ಉದ್ದ ತೋರಿಸುವಾಗ ಮಾವನ ಎರಡು ಕೈಗಳ ನಡುವಿನ ಅಂತರ ದಿನದಿಂದ ದಿನಕ್ಕೆ ಹಿಗ್ಗುತ್ತಿದೆ, ಹೀಗೇ ಹೋದರೆ ಅವರ ಅಂಗಿಯ ಕಂಕುಳನ್ನು ನಾನು ಮತ್ತೆ ಬಿಚ್ಚಿ ಹೊಲಿಯಬೇಕಾದೀತು. ಮಾತು ಹೆಚ್ಚುಕಮ್ಮಿಯಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ; ನನ್ನ ರಬ್ಬರಿನ ಹುಳವನ್ನು ಹೇಗೂ ಹಾಕಿಕೊಂಡಿದ್ದೀರಿ.

ತಮ್ಮ ವಿಶ್ವಾಸಿ,
ಇಂಥವರ ಅಳಿಯ
(ಕಸುಬಿನಲ್ಲಿ ಟೈಲರ್)

ತಾ. ಕ.: ಮಾವ ಬಲೆಯನ್ನು ಮತ್ತೆ ತಂದು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದಾರೆ. ಯಾವಾಗ ಆಗುತ್ತದೆ ಎಂದು ಕೇಳಿದ್ದಕ್ಕೆ ನಾಳೆ ಎಂದಿದ್ದೇನೆ. ಇದನ್ನು ಕೇಳಿ ತಾವು ಕಂಬದ ನೆರಳಿನಲ್ಲಿ ನೆಮ್ಮದಿಯಾಗಿ ಗುಳ್ಳೆ ಬಿಡುತ್ತಿರಬಹುದು, ಬಿಡಿ. ಗಿರಾಕಿಗೆ ಹೇಳುವ ನಾಳೆ ಬೇರೆ, ಅಳಿಯ ಎಂದು ಕರೆದವರಿಗೆ ಹೇಳುವ ನಾಳೆ ಬೇರೆ. ಸೂಜಿಗೆ ದಾರ ಪೋಣಿಸಿಯಾಗಿದೆ.