ಹೆಡ್‌ಮಾಸ್ತರ ಚಾರ್ಜಿನಲ್ಲಿ ನನ್ನ ಕೋಟೆ

ಊರಿಗೆ ಹೋಗುವಾಗ ಮನೆಯ ಕೀಲಿಯನ್ನು ಯಾರ ಕೈಗೆ ಕೊಡಬೇಕೆಂದು ಹೇಳಿಕೊಟ್ಟವಳು ನನ್ನ ಅವ್ವ. ಮೊಬೈಲ್ ಆಟದಲ್ಲಿ ಕಟ್ಟಿದ ಕೋಟೆಯ ಪಾಸ್‌ವರ್ಡ್ ಯಾರ ಕೈಗೆ ಕೊಡಬೇಕೆಂದು ಮೊದಲು ಹೇಳಿದವರು ಗಂಗಾವತಿಯ ಬಟ್ಟೆ ಅಂಗಡಿಯ ಭಾಭಿ. ಆಟದಲ್ಲಿ ನಮ್ಮ ಬಳಗದ ಮುಖಂಡರು ಅವರೇ. ಒಬ್ಬೊಬ್ಬರಿಗೊಂದು ಕೋಟೆ, ಒಳಗೆ ಕಣಜ, ಸೈನ್ಯ. ದಿನಾ ತೆರೆದು ನೋಡದಿದ್ದರೆ ಬೇರೆ ಬಳಗದವರು ಬಂದು ದೋಚುತ್ತಾರೆ. ಅದಕ್ಕೇ ಊರಿಗೆ ಹೊರಟವರು ಬಳಗದ ಒಬ್ಬರಿಗೆ ಪಾಸ್‌ವರ್ಡ್ ಕೊಟ್ಟು ಹೋಗುವ ರೂಢಿ. ಪಡೆದವರು ಕಣಜ ತುಂಬಬೇಕು, ಬಾಗಿಲು ಕಾಯಬೇಕು, ದಾಳಿಗೆ ಮಾತ್ರ ಹೋಗಬಾರದು. ಭಾಭಿಯ ನಿಯಮ ಇಷ್ಟೇ. ಇಷ್ಟರಲ್ಲೇ ಏನೇನಾಗುತ್ತದೆ ಅಂತೀರಿ!

೧. ಹಿತ್ತಲಿಗೆ ಹೋದ ಕುದುರೆಗಳು

ಮೊದಲ ತಪ್ಪು ನನ್ನದೇ. ಭಾಭಿ ನಾಲ್ಕು ದಿನ ತವರಿಗೆ ಹೋದಾಗ ಅವರ ಕೋಟೆ ನನ್ನ ಕೈಗೆ ಬಂತು. ಒಳಗೆ ಹೋಗಿ ನೋಡಿದರೆ ಕಣಜ ಒಂದು ಮೂಲೆಗೆ, ಬಾವಿ ಇನ್ನೊಂದು ಮೂಲೆಗೆ, ಕುದುರೆ ಲಾಯ ಸೀದಾ ಅರಮನೆ ಮುಂದೆ! ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಸಾಲಾಗಿ ಹೊಂದಿಸಿ, ಲಾಯವನ್ನು ಹಿಂದಕ್ಕೆ ಸಾಗಿಸಿದೆ. ಭಾಭಿ ಬಂದವರೇ ಫೋನ್ ಮಾಡಿದರು.

"ಅರೆ, ನನ್ನ ಕುದ್ರಿ ಎಲ್ಲಿ ಹೋದ್ವು?"

"ಹಿತ್ತಲದಾಗ ಅದಾವ್ರಿ ಭಾಭಿ. ಮನಿ ಮುಂದ ಲಾಯ ಇದ್ರ ಛಲೋ ಕಾಣಂಗಿಲ್ಲ ಅಂತ..."

"ಮಂದಿ ಮನ್ಯಾಗ ಕಸಾ ಹೊಡದ್ರ ಪುಣ್ಯ. ಒಲಿ ಕಿತ್ತು ಬ್ಯಾರೆ ಕಡಿ ಹಾಕಿದ್ರ ಅದಕ್ಕ ಏನಂತಾರ?"

ನಮ್ಮ ನಾದಿನಿ ನನ್ನ ಅಡುಗೆಮನೆ ಹೊಂದಿಸಿ ಹೋದ ಮೇಲೆ ನಾನು ಏನನ್ನುತ್ತೇನೋ, ಫೋನ್ ಇಟ್ಟ ಮೇಲೆ ಭಾಭಿಯೂ ಅದನ್ನೇ ಅಂದಿರಬೇಕು.

೨. ಬಾಗಿಲಿಗೆ ಬಂದವನು

ಮುಂದೆ ನಾನು ಹನುಮಸಾಗರಕ್ಕೆ ಬಸುರಿಯೊಬ್ಬಳ ಕುಬಸದ ಕಾರ್ಯಕ್ಕೆ ಹೋಗಬೇಕಾಯಿತು. ಯಲಬುರ್ಗಾದಲ್ಲಿ ಖಾನಾವಳಿ ನಡೆಸುವ ಅಕ್ಕನಿಗೆ ಕೋಟೆ ಒಪ್ಪಿಸಿದೆ. ಅವರೂ ನಮ್ಮ ಬಳಗದವರೇ. ಮರಳಿ ಬಂದು ತೆರೆದರೆ ಗೋಡೆ ಇದೆ, ಸೈನ್ಯ ಇದೆ, ಕಣಜ ಮಾತ್ರ ಬಳಿದಿಟ್ಟ ಹಾಗಿದೆ.

"ಅಕ್ಕಾ, ಯಾರ್ ದೋಚಿದ್ರು?"

"ಯಾರೂ ದೋಚಿಲ್ಲ ತಂಗಿ. ಕುಷ್ಟಗಿ ಬಳಗದ ಮುಖಂಡ ಚಾಟಿನ್ಯಾಗ ಬಂದಿದ್ದ. ಸೈನ್ಯ ಉಪಾಸ ಐತ್ರಿ ಅಂದ. ಕೊಟ್ಟೆ."

"ಅವ್ರು ನಮ್ಮ ವೈರಿಗೋಳು!"

"ವೈರಿಗೆ ಹಸಿವಿ ಆಗೂದಿಲ್ಲೇನು? ಬರಿಗೈಲೆ ಕಳಿಸಿದ್ರ ಹೆಸರು ಕೆಡೂದು ನಿಂದ. ನಿನ್ನ ಮನಿ ಮರ್ಯಾದಿ ಉಳಿಸೇನಿ."

"ಹಂಗಾರ ನಿಮ್ಮ ಕಣಜದಾಗಿಂದ ಕೊಡಬೇಕಿತ್ತಲ್ಲ?"

"ಅಂವ ಬಂದದ್ದು ನಿನ್ನ ಬಾಗಲಕ್ಕ," ಅಂದರು ಅಕ್ಕ.

೩. ಕಾಣದ ಆನೆ

ಉಂಡು ಗಟ್ಟಿಯಾದ ಕುಷ್ಟಗಿಯವರು ಭಾನುವಾರಕ್ಕೆ ಯುದ್ಧ ಸಾರಿದರು. ಅವರ ಮುಖಂಡನ ಕೋಟೆಗೂ ನನ್ನ ಕೋಟೆಗೂ ನೇರ ಸೆಣಸು. ಸೋತ ಕೋಟೆ ನೆಲಸಮ. ಮೂರು ವರ್ಷ, ಸಾರು ಕುದಿಯುವಷ್ಟರಲ್ಲಿ ಒಂದೊಂದು ಕಲ್ಲು ಇಟ್ಟು ಕಟ್ಟಿದ ಕೋಟೆ ನನ್ನದು. ಅದೇ ಭಾನುವಾರ ಕನಕಗಿರಿಯಲ್ಲಿ ಅಣ್ಣನ ಮಗಳ ಮದುವೆ. ಆರತಿ ಹಿಡಿಯಬೇಕಾದ ಸೋದರತ್ತೆ ಮೊಬೈಲ್ ಹಿಡಿದು ಕೂತರೆ ತವರು ಉಳಿದೀತೆ?

"ಈ ಸಲ ಹೆಡ್‌ಮಾಸ್ತರಿಗೆ ಕೊಡ್ರಿ," ಅಂದರು ಭಾಭಿ. ಕೊಪ್ಪಳದ ನಿವೃತ್ತ ಹೆಡ್‌ಮಾಸ್ತರು ನಮ್ಮ ಬಳಗದ ಅತ್ಯಂತ ನಂಬಿಕಸ್ತ ಸದಸ್ಯರು.

"ಹಂಗ ಬಾಯಿಮಾತಿಲೆ ತೊಗೊಳ್ಳಾಕ ಬರೂದಿಲ್ರಿ ಮೇಡಂ," ಅಂದರು ಅವರು. "ಚಾರ್ಜ್ ಲಿಸ್ಟ್ ಬೇಕು."

ಬಿಲ್ಲುಗಾರರು, ಕುದುರೆಗಳು, ಆನೆಗಳು ಎಲ್ಲ ಬರೆದು, ಸಹಿ ಹಾಕಿ, ಫೋಟೋ ತೆಗೆದು ಕಳಿಸಿದೆ. ಅರ್ಧ ತಾಸಿಗೆ ಫೋನ್ ಬಂತು.

"ಮೇಡಂ, ಒಂದ್ ಆನಿ ಕಾಣವಲ್ದು."

"ಅದನ್ನ ಭಾಭಿ ಕೋಟಿ ಕಾಯಾಕ ಕಳಿಸೇನ್ರಿ ಸರ್."

"ಹಂಗ್ರಿ?" ಪೆನ್ನಿನ ಸದ್ದು ಕೇಳಿಸಿತು. "ಡೆಪ್ಯುಟೇಶನ್ ಅಂತ ಬರಕೊಂಡೆ."

೪. ಯುದ್ಧ

ಭಾನುವಾರ ಅಕ್ಷತೆ ಬೀಳುವಾಗಲೂ ನನ್ನ ಕಣ್ಣಿಗೆ ಕಂಡದ್ದು ಉರುಳುವ ಗೋಡೆಗಳೇ. ಕಣ್ಣು ಒದ್ದೆಯಾಗಿದ್ದು ನೋಡಿ ಬೀಗರು, "ಸೋದರತ್ತಿಗೆ ಹುಡುಗಿ ಮ್ಯಾಲೆ ಎಷ್ಟು ಜೀವ ನೋಡ್ರಿ," ಅಂದರು. ಊಟದ ಹೊತ್ತಿಗೆ ತಡೆಯಲಾರದೆ, ಕೈ ತೊಳೆಯುವ ನೆಪದಲ್ಲಿ ಹೆಡ್‌ಮಾಸ್ತರಿಗೆ ಫೋನ್ ಮಾಡಿದೆ.

"ಸರ್, ಕೋಟಿ?"

"ಭದ್ರ ಐತ್ರಿ. ಒಂದ್ ಕಲ್ಲೂ ಅಳ್ಳಾಡಿಲ್ಲ."

"ಕುಷ್ಟಗಿಯವ್ರು ದಾಳಿ ಮಾಡ್ಲಿಲ್ಲೇನ್ರಿ?"

"ಹೆಂಗ ಮಾಡ್ತಾರ್ರಿ? ಅವ್ರ ಮುಖಂಡ ನನ್ನ ಹಳೇ ವಿದ್ಯಾರ್ಥಿ. ಅವನೂ ಯಾವುದೋ ಲಗ್ನಕ್ಕ ಹೋಗ್ಯಾನ. 'ನಿಮ್ಮಷ್ಟು ನಂಬಿಕಸ್ತರು ಯಾರದಾರ ಸರ್' ಅಂತ ಅವನ ಕೋಟಿನೂ ನನಗ ಕೊಟ್ಟಾನ. ಅವನೂ ಚಾರ್ಜ್ ಲಿಸ್ಟ್ ಛಲೋ ಬರದಾನ್ರಿ. ಒಂದ್ ತಪ್ಪಿಲ್ಲ."

"ಅಂದ್ರ ಎರಡೂ ಕೋಟಿ ನಿಮ್ಮ ಕೈಯಾಗ?"

"ಎರಡರ ಚಾರ್ಜೂ ನಂದ. ಮಂದಿ ಕೀಲಿ ಇಟಗೊಂಡು ದಾಳಿ ಮಾಡಬಾರ್ದು ಅಂತ ಭಾಭಿಯವ್ರು ನಿಯಮ ಮಾಡ್ಯಾರ. ಆ ಕಡಿಯಿಂದ ಈ ಕಡಿ ಮಾಡಂಗಿಲ್ಲ, ಈ ಕಡಿಯಿಂದ ಆ ಕಡಿ ಮಾಡಂಗಿಲ್ಲ."

"ಮತ್ತ ಯುದ್ಧ?"

"ಭಾನುವಾರ ಅಲ್ರಿ ಮೇಡಂ? ಎರಡೂ ಸೈನ್ಯಕ್ಕ ಸೂಟಿ ಕೊಟ್ಟೇನಿ."

ನಿಮ್ಮ ಪೈಕಿ ಯಾರಾದರೂ ಇಂಥ ಆಟ ಆಡುತ್ತಿದ್ದರೆ ಅವರಿಗೂ ಹೇಳಿರಿ: ಪಾಸ್‌ವರ್ಡ್ ಕೊಡುವ ಮೊದಲು, ಪಡೆಯುವವರ ಹತ್ತಿರ ಇನ್ಯಾರ್ಯಾರ ಕೀಲಿ ಅದಾವ ಅಂತ ಕೇಳಿಕೊಳ್ಳಬೇಕು. ವೈರಿಯದೂ ಐತಿ ಅಂದರೆ, ಕಣ್ಣು ಮುಚ್ಚಿ ಅವರಿಗೇ ಕೊಡಬೇಕು.