ಬ್ಯಾರನ್ನಿಗೆ ಬ್ಲೂಟೂತ್ ಕೂರಿಸಿದ ಕಥೆ

ನಾನು ಬರೆಯುತ್ತಿರುವುದು ಇದೇ ಮೊದಲು. ಗೊತ್ತಿದ್ದವರು ಕ್ಷಮಿಸಿ, ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ. ಅದರೊಳಗಿನ ಶಾಖವನ್ನು ಬ್ಲೂಟೂತ್ ಮೂಲಕ ಫೋನಿಗೆ ತೋರಿಸುವ ಮೀಟರ್‌ಗಳನ್ನು ಹುಣಸೂರಿನ ಅಂಗಡಿಯೊಂದರ ಪರವಾಗಿ ಕೂರಿಸುವುದು ನನ್ನ ಕೆಲಸ. ಇದರಲ್ಲಿ ವಾರಕ್ಕೊಂದು ನಗು ಇದ್ದೇ ಇರುತ್ತದೆ. ಆದರೆ ಈ ಸಲ ಮಾಲೀಕರು, "ಇನ್ನೊಂದು ಮೀಟರ್ ವಾಪಸ್ ಬಂದ್ರೆ ನೀನು ಕೆಲಸಕ್ಕೆ ಬರಬೇಡ" ಎಂದಿದ್ದರು.

೧. ಗುಟ್ಟು

ಹಂಪಾಪುರದ ರೈತರೊಬ್ಬರು. ಜೋಡಿಸುವಾಗ ಮೀಟರಿನಲ್ಲೂ ಫೋನಿನಲ್ಲೂ ಆರು ಅಂಕಿ ಬರುತ್ತವೆ. ಎರಡೂ ಒಂದೇ ಆಗಿದ್ದರೆ ಬೇರೆ ಫೋನ್ ನಡುವೆ ನುಸುಳಿಲ್ಲ ಎಂದರ್ಥ. "ನಂಬರ್ ಓದಿ" ಎಂದೆ. ಅವರು ಫೋನಿಗೆ ಟವೆಲ್ ಮುಚ್ಚಿದರು.

"ಓಟಿಪಿ ಯಾರ್ಗೂ ಯೋಳ್ಬಾರ್ದು ಅಂತ ಬ್ಯಾಂಕ್ನೋರು ಯೋಳವ್ರೆ ಕಣ್ರೀ."

"ಅದೇ ನಂಬರ್ ಈ ಮೀಟರಲ್ಲೂ ಇದೆಯಲ್ಲ" ಎಂದು ಓದಿದೆ.

"ಅಯ್ಯೋ, ನಿಮ್ಗೆ ಯಾರ್ರೀ ಯೋಳಿದ್ದು?"

೨. ಅಣ್ಣತಮ್ಮ

ರಾವಂದೂರಿನ ಕಡೆ ಅಣ್ಣತಮ್ಮಂದಿರ ಬ್ಯಾರನ್‌ಗಳು ಅಕ್ಕಪಕ್ಕ. ಅವಸರದಲ್ಲಿ ಅಂಕಿ ನೋಡದೆ 'ಹೌದು' ಒತ್ತಿದವನು ನಾನೇ. ಅಣ್ಣನ ಫೋನು ತಮ್ಮನ ಮೀಟರಿಗೆ, ತಮ್ಮನದು ಅಣ್ಣನ ಮೀಟರಿಗೆ ಜೋಡಿಯಾದವು. ತಮ್ಮ ಎಷ್ಟು ಸೌದೆ ತುರುಕಿದರೂ ಅವರ ಫೋನಿನಲ್ಲಿ ಶಾಖ ಏರಲಿಲ್ಲ. ಅಣ್ಣ ಕೂತಲ್ಲೇ ಮೀಸೆ ತಿರುವಿದರು: "ನೋಡ್ಲಾ, ನನ್ದು ಸೌದೇನೇ ಇಲ್ದೆ ಕಾಯ್ತಾ ಅದೆ!"

ಓಡಿಹೋಗಿ ಸರಿಮಾಡಿದೆ. ಸೊಪ್ಪು ಉಳಿಯಿತು. ಅಣ್ಣನಿಗೆ ಮಾತ್ರ ಸಿಟ್ಟು: "ಚೆನ್ನಾಗಿತ್ತು, ನೀನ್ ಮುಟ್ಟಿ ಕೆಡಿಸ್ಬುಟ್ಟೆ."

೩. ಅಳಿಯ

ಪಿರಿಯಾಪಟ್ಟಣದ ಹತ್ತಿರದ ಒಬ್ಬ ಅಮ್ಮ ಬೆಳಿಗ್ಗೆಯೇ ಫೋನ್ ಮಾಡಿದರು: "ನಿನ್ ಮೀಟ್ರು ನನ್ನ ಬುಟ್ಟು ಅಳಿಯನ್ ಫೋನ್ಗೆ ಓಗ್ಬುಟ್ಟದೆ. ಬಂದು ವಾಪಸ್ ತಗೊಂಡೋಗು."

ಕೆಲಸ ಹೋಯಿತು ಎಂದುಕೊಂಡೇ ಹೊರಟೆ. ಮೀಟರ್ ಅಳಿಯನ ಫೋನಿಗೆ ಹೋದದ್ದೇಕೆ ಎಂದು ಹೇಳುತ್ತೇನೆ. ಜೋಡಿಸುವಾಗ ಒಮ್ಮೆ ಗುಟ್ಟಿನ ಕೀಲಿ, ಅಂದರೆ ಗುರುತಿನ ಸಂಕೇತ, ಹಂಚಿಕೊಂಡ ಫೋನನ್ನು ಮೀಟರ್ ಮರೆಯುವುದಿಲ್ಲ. ಹತ್ತಿರ ಬಂದರೆ ಕೇಳದೆ ಸೇರಿಕೊಳ್ಳುತ್ತದೆ, ಅದೂ ಒಂದು ಸಲಕ್ಕೆ ಒಂದೇ ಫೋನು. ಅಮ್ಮ ತಮ್ಮ ಹಳೇ ಫೋನನ್ನು ಅಳಿಯನಿಗೆ ಕೊಟ್ಟಿದ್ದರು. ಅಳಿಯ ಹಬ್ಬಕ್ಕೆ ಬಂದಿದ್ದರು.

ಹೋಗಿ ನೋಡಿದರೆ ಅಳಿಯ ಬೆವರು ಸುರಿಸುತ್ತ ಸೌದೆ ಹಾಕುತ್ತಿದ್ದಾರೆ. ಶಾಖ ಇಳಿದಾಗಲೆಲ್ಲ ಅವರ ಜೇಬಿನ ಫೋನ್ ಕಿರುಚುತ್ತದೆ, ಅವರು ಎದ್ದು ಓಡುತ್ತಾರೆ. "ಹಳೇ ಕೀಲಿ ಅಳಿಸಿಬಿಡ್ತೀನಿ ಅಮ್ಮ, ಒಂದೇ ನಿಮಿಷ" ಎಂದೆ.

ಅಮ್ಮ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದರು. "ಸುಮ್ಕಿರಪ್ಪ! ಅಳಿಯಂಗೆ ಸೌದೆ ಆಕು ಅಂತ ಅತ್ತೆ ಬಾಯಲ್ಲಿ ಯೋಳಕ್ಕಾಯ್ತದಾ? ನಿಂಗ್ ಫೋನ್ ಮಾಡಿದ್ಮೇಲೆ ನೋಡ್ತೀನಿ, ನಾನ್ ಯೋಳ್ಬೇಕಾದ್ನೆಲ್ಲ ಇದೇ ಯೋಳ್ತಾ ಅದೆ."

"ಹಾಗಾದ್ರೆ ಮೀಟರ್ ವಾಪಸ್?"

"ಮೀಟ್ರು ಕೊಡಕಿಲ್ಲ. ಬೇಕಾದ್ರೆ ಸೊಪ್ಪು ಬೆಂದ್ಮೇಲೆ ಅಳಿಯನ್ನ ವಾಪಸ್ ಕಳಿಸ್ತೀನಿ!"